ಬೆಟ್ಟದ ತಿರುವಿನ ಸದ್ದು

ಎನ್. ಬೇಗೂರು ಪಕ್ಕದ ಹಾಡಿ,
ಎಚ್.ಡಿ. ಕೋಟೆ ತಾಲ್ಲೂಕು
12 ಜೂನ್ 2025

ಮಹೇಂದ್ರ ಅವರಿಗೆ,

ನಮಸ್ಕಾರ. ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನಿಮ್ಮ ಬೆಳ್ಳಿ ಬಣ್ಣದ ಝೆನ್ ಕಾರನ್ನು ಹುಣಸೂರಿನ ಬ್ರೋಕರ್ ಕಡೆಯಿಂದ ಕೊಂಡುಕೊಂಡವನು ನಾನು. ವಿಳಾಸ ಸಿಕ್ಕಿದ್ದು ಆರ್.ಸಿ.ಯಲ್ಲಿ. ಬ್ರೋಕರ್ ಕೊಟ್ಟ ನಂಬರಿಗೆ ಕೋಟೆಗೆ ಹೋದಾಗಲೆಲ್ಲ ಫೋನು ಮಾಡಿದೆ. ರಿಂಗಾಗುತ್ತದೆ, ಯಾರೂ ಎತ್ತುವುದಿಲ್ಲ. ನಮ್ಮದು ಕಾಡಂಚಿನ ಹಾಡಿ, ಇಲ್ಲಿ ಸಿಗ್ನಲ್ ಇಲ್ಲ, ನೀವು ತಿರುಗಿ ಮಾಡಿದರೂ ಸಿಗುವುದಿಲ್ಲ. ಅದಕ್ಕೇ ಈ ಕಾಗದ.

ವಿಷಯ ಏನೆಂದರೆ, ಸ್ಟೆಪ್ನಿ ಎತ್ತಿದಾಗ ಅದರ ಕೆಳಗೆ ಟವೆಲ್ಲಿನಲ್ಲಿ ಸುತ್ತಿಟ್ಟ ಒಂದು ಪೆಟ್ಟಿಗೆ ಸಿಕ್ಕಿತು. ಒಳಗೆ ಹೊಚ್ಚ ಹೊಸ ಏರ್ ಫಿಲ್ಟರ್. ಗಾಡಿಯ ಜೊತೆ ಬರುವ ಕಾಗದದ್ದಲ್ಲ. ಕೆಂಪು ಬಟ್ಟೆಯ ಮಡಿಕೆ, ಮೇಲೆ ತಂತಿಯ ಬಲೆ, ಒಂದು ಕಡೆ ಚೂಪು. ಕೋಟೆಯ ಗ್ಯಾರೇಜಿನಲ್ಲಿ ತೋರಿಸಿದರೆ, "ಇದು ಶೋಕಿ ಫಿಲ್ಟರ್ರು ಕಣಯ್ಯ. ಪಿಕಪ್ಪೂ ಬತ್ತದೆ, ಸೌಂಡೂ ಬತ್ತದೆ. ಯಾರೋ ಆಸೆಪಟ್ಟು ತಂದವ್ರೆ" ಎಂದರು. ಆಸೆಪಟ್ಟು ತಂದದ್ದು ಎಂದ ಮೇಲೆ ಅದು ನಿಮ್ಮದು. ಕಾರಿನ ಮಾತುಕತೆಯಲ್ಲಿ ಇದು ಬಂದಿರಲಿಲ್ಲ. ಯಾವ ಬಸ್ಸಿನಲ್ಲಿ ಕಳಿಸಲಿ, ತಿಳಿಸಿ.

ಇನ್ನೊಂದು ಮಾತು. ನೀವು ಬಹಳ ಉದ್ದ ಇರಬೇಕು. ಡ್ರೈವರ್ ಸೀಟು ಪೂರ್ತಿ ಹಿಂದೆ ಇದೆ, ಎಷ್ಟು ಎಳೆದರೂ ಮುಂದೆ ಬರುವುದಿಲ್ಲ. ನಾನು ಬೆನ್ನಿಗೆ ದಿಂಬು ಇಟ್ಟುಕೊಂಡು ಓಡಿಸುತ್ತಿದ್ದೇನೆ. ನೋಡಿದವರು ನಗುತ್ತಾರೆ. ಇದಕ್ಕೇನಾದರೂ ಉಪಾಯ ಇದ್ದರೆ ಅದನ್ನೂ ಬರೆಯಿರಿ.

ಇತಿ,
ಮಾದೇಶ


ಬೆಟ್ಟದಪುರ
27 ಜೂನ್ 2025

ಮಾದೇಶ ಅವರಿಗೆ,

ಮಹೇಂದ್ರನ ಹೆಸರಿಗೆ ಬಂದ ಕಾಗದವನ್ನು ಒಡೆದವಳು ನಾನು, ಅವನ ತಾಯಿ. ಅಂಚೆಯವನು ಬಾಗಿಲಲ್ಲಿ ಆ ಹೆಸರು ಓದಿದ. ಮಗನ ಕೈಗೇ ಕೊಡಬೇಕೇನೋ ಎನ್ನುವ ಹಾಗೆ ಒಳಗೆ ತಿರುಗಿ ನೋಡಿದೆ, ನನ್ನ ಬುದ್ಧಿಗಿಷ್ಟು.

ಮಹೇಂದ್ರ ಹೋದ ವರ್ಷ ಆಗಸ್ಟಿನಲ್ಲಿ ತೀರಿಕೊಂಡ. ನಮ್ಮದು ಹೊಗೆಸೊಪ್ಪಿನ ಬೇಸಾಯ. ಬ್ಯಾರನ್ನು ಎಂದರೆ ಸೊಪ್ಪು ಬೇಯಿಸುವ ಎತ್ತರದ ಗೂಡು, ನಿಮ್ಮ ಕಡೆ ಇರಲಾರದು. ಅದರೊಳಗೆ ಮೇಲಿನ ಗಳಕ್ಕೆ ಸೊಪ್ಪಿನ ಕಡ್ಡಿ ಏರಿಸುವಾಗ ಕಾಲು ಜಾರಿ ಬಿದ್ದ. ಕಾರನ್ನು ಅಂಗಳದಲ್ಲಿ ನೋಡಲಾರದೆ ಇವರು, ನಮ್ಮ ಯಜಮಾನರು, ಬ್ರೋಕರಿಗೆ ಕೊಟ್ಟು ಕೈತೊಳೆದುಕೊಂಡರು. ನನ್ನನ್ನು ಒಂದು ಮಾತು ಕೇಳಲಿಲ್ಲ.

ನೀವು ಮಾಡಿದ ನಂಬರು ಅವನದೇ. ಫೋನು ಬೀರುವಿನಲ್ಲಿದೆ. ಇವರು ತಪ್ಪದೆ ಚಾರ್ಜಿಗೆ ಹಾಕುತ್ತಾರೆ. ರಿಂಗಾದರೆ ಇಬ್ಬರೂ ಎದ್ದು ಬಂದು ಬೀರುವಿನ ಮುಂದೆ ನಿಂತು ಕೇಳಿಸಿಕೊಳ್ಳುತ್ತೇವೆ. ಎತ್ತುವುದಿಲ್ಲ. ಹಾಗಾಗಿ ನೀವು ಮಾಡಿದಷ್ಟೂ ಸಲ ನಾವು ಕೇಳಿದ್ದೇವೆ.

ಸೀಟಿನ ಕೆಳಗೆ ಕೈಹಾಕಿ ನೋಡಿ, ಒಂದು ತಂತಿ ಬಿಗಿದಿದ್ದಾನೆ. ಅವರಪ್ಪ ಮುಂದೆ ಎಳೆದುಕೊಂಡು ಹಾಗೇ ಬಿಟ್ಟು ಹೋಗುತ್ತಾರೆ ಎಂದು ಜಗಳವಾಗಿ ಕಟ್ಟಿದ್ದು. ಕತ್ತರಿಸಿಬಿಡಿ. ಫಿಲ್ಟರ್ ವಿಷಯ ಆಮೇಲೆ ಬರೆಯುತ್ತೇನೆ. ಈಗ ಬೇಡ.

ಇತಿ,
ವಿಮಲಮ್ಮ


ಎನ್. ಬೇಗೂರು
14 ಜುಲೈ 2025

ಅಮ್ಮಾ,

ನಿಮ್ಮ ಕಾಗದ ಓದಿ ನನಗೆ ತುಂಬಾ ಸಂಕಟವಾಯಿತು. ಸತ್ತವರ ಹೆಸರಿಗೆ "ನೀವು ಉದ್ದ ಇರಬೇಕು" ಎಂದು ಬರೆದುಬಿಟ್ಟೆನಲ್ಲ. ನನ್ನ ಹೆಂಡತಿ ಕೆಂಪಿಯಂತೂ, "ವಸಿ ವಿಚಾರಿಸ್ಕಂಡು ಬರೀಬಾರ್ದಾಗಿತ್ತಾ ನೀನು?" ಎಂದು ಬೈದಳು. ಇನ್ನು ಆ ನಂಬರಿಗೆ ಮಾಡುವುದಿಲ್ಲ.

ಆದರೆ ನಿಮಗೆ ಒಂದು ನೆಮ್ಮದಿ ಇರಲಿ. ಗಾಡಿ ಕೆಟ್ಟ ಕೈಗೆ ಬಂದಿಲ್ಲ. ನಾನು ಗಡಿಯಾಚೆ ಶುಂಠಿ ಹೊಲಗಳಿಗೆ ಕೂಲಿಗೆ ಹೋಗುವವನು, ಆಗಾಗ ಬಾಡಿಗೆ ಜೀಪೂ ಓಡಿಸುತ್ತೇನೆ. ನಮ್ಮ ಹಾಡಿಗೆ ಬಸ್ಸು ಬರುವುದಿಲ್ಲ. ಹೊಟ್ಟೆನೋವೋ ಹೆರಿಗೆಯೋ, ಆನೆ ದಾರಿಗೆ ಅಡ್ಡ ನಿಲ್ಲದಿದ್ದರೆ ಈಗ ನಿಮ್ಮ ಮಗನ ಕಾರೇ ಎಲ್ಲರನ್ನೂ ಆಸ್ಪತ್ರೆಗೆ ಮುಟ್ಟಿಸುತ್ತಿದೆ.

ತಂತಿ ಕತ್ತರಿಸಿದೆ. ಸೀಟು ಮುಂದೆ ಬಂತು. ಆದರೆ ಏರು ಹತ್ತುವಾಗ ತಾನಾಗಿ ಹಿಂದಕ್ಕೆ ಜಾರುತ್ತದೆ. ಸೀಟು ಜಾರುವ ಕಂಬಿಯ ಹಲ್ಲು ಸವೆದಿರಬೇಕು ಎಂದು ನನ್ನ ಲೆಕ್ಕ. ಕೆಂಪಿ ಮಾತ್ರ, "ಅವ್ರು ಕಾಲು ಚಾಚ್ಕತಾರೆ, ಬುಡು" ಎನ್ನುತ್ತಾಳೆ. ಒಬ್ಬನೇ ಬರುವಾಗ ನನಗೂ ಪಕ್ಕಕ್ಕೆ ತಿರುಗಿ ನೋಡುವ ಹಾಗಾಗುತ್ತದೆ. ಇಂಜಿನ್ ಕಾದಾಗ ಹೊಗೆಸೊಪ್ಪಿನ ವಾಸನೆ ಬರುತ್ತದೆ. ಹಳೆಯ ಫಿಲ್ಟರಿನ ಡಬ್ಬಿ ತೆಗೆದು ನೋಡಿದೆ. ಕಾಗದ ಕಪ್ಪಾಗಿ ಮಡಿಕೆಗಳಲ್ಲಿ ಸೊಪ್ಪಿನ ಪುಡಿ ಕೂತಿದೆ. ಅದನ್ನು ಕೊಡವಲು ಮನಸ್ಸಾಗಲಿಲ್ಲ, ಹಾಗೇ ಮುಚ್ಚಿದೆ.

ಪೆಟ್ಟಿಗೆ ಜೋಪಾನವಾಗಿದೆ.

ನಿಮ್ಮ,
ಮಾದೇಶ


ಬೆಟ್ಟದಪುರ
30 ಆಗಸ್ಟ್ 2025

ಮಾದೇಶ,

ಏಕವಚನಕ್ಕೆ ಬಂದೆ ಎಂದು ತಪ್ಪು ತಿಳಿಯಬೇಡ. ವಯಸ್ಸಿನಲ್ಲಿ ನನ್ನ ಮಗನಷ್ಟೇ ಇರಬೇಕು ನೀನು.

ವರ್ಷದ ಕಾರ್ಯ ಮುಗಿಯಿತು. ಇಷ್ಟು ದಿನ ಬರೆಯಲಿಲ್ಲ, ಬರೆಯುವುದೋ ಬೇಡವೋ ಎಂದು ನನ್ನೊಳಗೇ ಜಗಳ ನಡೆದಿತ್ತು. ಈಗ ಬರೆಯುತ್ತೇನೆ. ಒಪ್ಪದಿದ್ದರೆ ಈ ಕಾಗದವನ್ನು ಒಲೆಗೆ ಹಾಕು.

ಆ ಫಿಲ್ಟರ್ ತಂದ ದಿನ ಮಹೇಂದ್ರ ಊಟಕ್ಕೆ ಕೂತವನು ತಟ್ಟೆ ಮುಟ್ಟಲಿಲ್ಲ. "ಈ ಇಂಜಿನ್ನು ಉಸಿರು ಕಟ್ಕಂಡು ಓಡ್ತಾ ಅದೆ ಕಣವ್ವ. ಇದ್ನ ಹಾಕ್‌ಬುಟ್ರೆ ನೋಡು! ಬೆಟ್ಟದ್ ತಿರುವ್ನಾಗೇ ನನ್ ಗಾಡಿ ಸದ್ದು ನಿಂಗೆ ಕೇಳ್ತದೆ. ಕೇಳ್ದೇಟ್ಗೆ ಅನ್ನ ಬಡ್ಸು" ಎಂದ. ಹೇಗಿರುತ್ತದೋ ಸದ್ದು ಎಂದು ನಾನು ಕೆಣಕಿದೆ. ಬಾಯಲ್ಲೇ ಮಾಡಿ ತೋರಿಸಿದ. ಮೂಗಿನಿಂದ ಸಣ್ಣಗೆ ಹೊರಟು, ಗಂಟಲಿಗೆ ಇಳಿದು ದಪ್ಪವಾಗಿ, ಕೊನೆಗೆ ಗೊರಗೊರ ಒಡೆಯುವುದು. ಒಡೆದ ಮೇಲೆ ಅವನಿಗೇ ನಗು ಬಂದು ಕೆಮ್ಮಿದ. ಗ್ಯಾರೇಜಿನಲ್ಲಿ ಹಾಕಿಸು ಎಂದರೆ, ಇದನ್ನು ನಾನೇ ಕೈಯಾರೆ ಕೂರಿಸಬೇಕು, ಬ್ಯಾರನ್ನು ತುಂಬಿಸಿದ ಮಾರನೆ ದಿನ ಎಂದ. ಬ್ಯಾರನ್ನು ತುಂಬಲಿಲ್ಲ.

ಅಲ್ಲಿಂದ ದೀಪ ಹಚ್ಚುವ ಹೊತ್ತಾದರೆ ನನ್ನ ಕಿವಿ ರಸ್ತೆಗೆ ಹೋಗುತ್ತದೆ. ಯಾವ ಗಾಡಿ ಬಂದರೂ ಅನ್ನದ ಪಾತ್ರೆಗೆ ಕೈ ಹೋಗುತ್ತದೆ. ಇಲ್ಲದ ಸದ್ದಿಗೆ ಕಾಯುವುದು ಎಂಥ ಹಿಂಸೆ ಎಂದು ನಿನಗೆ ಹೇಗೆ ಹೇಳಲಿ. ಒಂದೇ ಒಂದು ಸಲ ಅದನ್ನು ಕೇಳಿಬಿಟ್ಟರೆ ಈ ಕಿವಿ ಸುಮ್ಮನಾದೀತು ಎಂದು ನನ್ನ ನಂಬಿಕೆ.

ಪಿತೃಪಕ್ಷದಲ್ಲಿ ನಾವು ಸತ್ತವರಿಗೆ ಎಡೆ ಇಡುತ್ತೇವೆ. ಅವರಿಗೆ ಇಷ್ಟವಾದ ಅಡಿಗೆ, ಹೊಸ ಬಟ್ಟೆ, ಬೀಡಿ ಸೇದುವವರಿಗೆ ಬೀಡಿ. ಈ ಸಲ ಮಹೇಂದ್ರನಿಗೂ ಇಡಬೇಕು. ಅವನು ಆಸೆಪಟ್ಟು ಕಂಡುಣ್ಣದೆ ಹೋದದ್ದು ಆ ಫಿಲ್ಟರ್ ಒಂದೇ. ಎಡೆಗೆ ಕಳಿಸಿಕೊಡು. ಆದರೆ ಎಡೆಗೆ ಇಟ್ಟದ್ದನ್ನು ಬೀರುವಿನಲ್ಲಿ ಮುಚ್ಚಿಡುವ ಹಾಗಿಲ್ಲ, ಬದುಕಿರುವವರು ಬಳಸಬೇಕು. ಅವನ ಶರ್ಟನ್ನು ಇವರು ಹಾಕಿಕೊಳ್ಳುತ್ತಾರೆ. ಫಿಲ್ಟರನ್ನು ತಿರುಗಿ ನಿನಗೆ ಕಳಿಸುತ್ತೇನೆ, ನೀನು ಹಾಕಿಕೊಳ್ಳಬೇಕು. ನೀನೇ, ಗ್ಯಾರೇಜಿನವರಲ್ಲ.

ಆಮೇಲೆ ಆಯುಧಪೂಜೆಯ ಸಂಜೆ ದೀಪ ಹಚ್ಚುವ ಹೊತ್ತಿಗೆ ನಮ್ಮ ಮನೆ ಮುಂದೆ ಒಂದು ಸಲ ಹಾದು ಹೋಗು. ನಿಲ್ಲಿಸಬೇಡ. ಆ ಸೀಟಿನಲ್ಲಿ ಬೇರೆಯವರ ಮುಖ ಕಂಡರೆ ನನ್ನ ಬಾಯಲ್ಲಿ ಏನು ಬರುತ್ತದೋ ನನಗೇ ಭಯ. ನನ್ನದು ಒಳ್ಳೆಯ ನಾಲಿಗೆಯಲ್ಲ. ನಾನು ಬಾಗಿಲು ಹಾಕಿಕೊಂಡು ಒಳಗೇ ಕೂತು ಕೇಳುತ್ತೇನೆ. ಇವರಿಗೆ ಹೇಳಿಲ್ಲ.

ಇತಿ,
ವಿಮಲಮ್ಮ


ಎನ್. ಬೇಗೂರು
5 ಸೆಪ್ಟೆಂಬರ್ 2025

ಅಮ್ಮಾ,

ಪೆಟ್ಟಿಗೆಯನ್ನು ಪಾರ್ಸಲ್ ಮಾಡಿದ್ದೇನೆ. ಟವೆಲನ್ನೂ ಒಗೆಯದೆ ಹಾಗೇ ಇಟ್ಟಿದ್ದೇನೆ.

ಕೆಂಪಿಗೆ ಇದು ಇಷ್ಟವಿಲ್ಲ. "ಸತ್ತೋರ ಸದ್ದ ಕರ್ಕಂಡ್ ಬಂದು ಎತ್ತವ್ವನ ಬಾಗ್ಲಲ್ಲಿ ಬುಟ್ರೆ, ಆಮ್ಯಾಕೆ ವಾಪಸ್ ಕಳ್ಸೋರ್ಯಾರು?" ಎಂದು ಕೇಳಿದಳು. ಆದರೆ ನೀವು ಕೇಳಿದ್ದೀರಿ. ಬರುತ್ತೇನೆ. ನಿಲ್ಲಿಸುವುದಿಲ್ಲ.

ನಿಮ್ಮ,
ಮಾದೇಶ


ಬೆಟ್ಟದಪುರ
19 ಸೆಪ್ಟೆಂಬರ್ 2025

ಮಾದೇಶ,

ಎಡೆ ಆಯಿತು. ಬಾಳೆಲೆಯ ಪಕ್ಕ ಶರ್ಟು, ಶರ್ಟಿನ ಮೇಲೆ ಫಿಲ್ಟರ್. ಬಂದ ನೆಂಟರು ಇದೇನು ವಿಮಲಮ್ಮ ಹೊಸ ದೇವರು ಎಂದು ನಕ್ಕರು. ನಗಲಿ ಬಿಡು. ಇವರು ಮಾತ್ರ ಅದನ್ನು ಕಂಡವರೇ ಎದ್ದು ಹಿತ್ತಲಿಗೆ ಹೋದರು.

ಎಡೆಗೆ ಇಡುವ ಮೊದಲು ಚೆನ್ನಾಗಿ ಸೀಗೆಕಾಯಿ ಹಾಕಿ ತೊಳೆದು ಬಿಸಿಲಿಗೆ ಒಣಗಿಸಿದೆ. ಪೆಟ್ಟಿಗೆಯ ಮೇಲೆ ತೊಳೆಯುವ ಚಿತ್ರವೂ, ಎಣ್ಣೆ ಹಾಕುವ ಚಿತ್ರವೂ ಇತ್ತು. ಎಣ್ಣೆ ಎಂದ ಮೇಲೆ ಬಿಡುವುದು ಹೇಗೆ. ಹಬ್ಬದ ದಿನ ಅವನ ತಲೆಗೆ ಹಚ್ಚುತ್ತಿದ್ದ ಹರಳೆಣ್ಣೆಯನ್ನೇ ಬೆಚ್ಚಗೆ ಮಾಡಿ ಮಡಿಕೆ ಮಡಿಕೆಗೂ ಬೆರಳಾಡಿಸಿ ಹಚ್ಚಿದೆ. ಹಚ್ಚುವಾಗ ಸಂತೋಷವಾಗಿತ್ತು ಕಣೋ. ಬಹಳ ದಿನದ ಮೇಲೆ ಕೈಗೆ ಒಂದು ಕೆಲಸ ಸಿಕ್ಕ ಹಾಗೆ. ಸಾಂಬ್ರಾಣಿ ಹೊಗೆ ಕುಡಿದು ಅದು ಈಗ ಘಮ್ಮೆನ್ನುತ್ತದೆ.

ಕಳಿಸಿದ್ದೇನೆ. ಜೋಪಾನ.

ವಿಮಲಮ್ಮ


ಎನ್. ಬೇಗೂರು
27 ಸೆಪ್ಟೆಂಬರ್ 2025

ಅಮ್ಮಾ,

ಇವತ್ತು ಕೂರಿಸಿದೆ. ಕೋಟೆಯಲ್ಲಿ ಫೋನಿನಲ್ಲಿ ವಿಡಿಯೊ ನೋಡಿಕೊಂಡು ಬಂದಿದ್ದೆ. ಹೇಗೆ ಎಂದು ಬರೆಯುತ್ತೇನೆ, ನಿಮ್ಮ ಮಗ ಮಾಡಬೇಕಿದ್ದ ಕೆಲಸ, ನಿಮಗೆ ಗೊತ್ತಿರಲಿ.

ಮೊದಲು ಬ್ಯಾಟರಿಯ ವೈರು ಬಿಚ್ಚಿದೆ. ಹಳೆಯ ಕಪ್ಪು ಡಬ್ಬಿಯ ಕ್ಲಿಪ್ಪುಗಳನ್ನು ಮೀಟಿ, ಬೋಲ್ಟು ತೆಗೆದು, ಇಂಜಿನ್ನಿಗೆ ಹೋಗುವ ರಬ್ಬರ್ ಪೈಪಿನಿಂದ ಅದನ್ನು ಅಲ್ಲಾಡಿಸಿ ಕಿತ್ತೆ. ಡಬ್ಬಿ ಹೋದ ಜಾಗ ಹಲ್ಲು ಕಿತ್ತ ದವಡೆಯ ಹಾಗೆ ಖಾಲಿ ಕಂಡಿತು. ಪೈಪಿನ ಬಾಯಿಗೆ ಹೊಸ ಫಿಲ್ಟರನ್ನು ಒತ್ತಿ ಕೂರಿಸಿ, ಕ್ಲಾಂಪ್ ಸುತ್ತಿ ಸ್ಕ್ರೂಡ್ರೈವರಿನಿಂದ ಬಿಗಿದೆ. ಕುಲುಕಬಾರದೆಂದು ತಗಡಿನ ಪಟ್ಟಿ ಕೊಟ್ಟೆ. ಒಂದು ಸಣ್ಣ ಪೈಪನ್ನು ಸೇರಿಸುವುದು ಮರೆತು ಸ್ಟಾರ್ಟ್ ಮಾಡಿದರೆ ಇಂಜಿನ್ನು ಬಿಕ್ಕಳಿಸತೊಡಗಿತು. ಹುಡುಕಿ ಸೇರಿಸಿದ ಮೇಲೆ ಸಮಾಧಾನವಾಯಿತು.

ಆಕ್ಸಿಲರೇಟರ್ ಒತ್ತಿದೆ. ಕೋಳಿಗಳೆಲ್ಲ ಚೆಲ್ಲಾಪಿಲ್ಲಿ. ಎಮ್ಮೆ ನೀರಿನಲ್ಲಿ ಮೂತಿ ಇಟ್ಟು ಉಸಿರು ಬಿಟ್ಟ ಹಾಗೆ ಬುಸ್ಸೆನ್ನುತ್ತದೆ. ನಿಜ ಹೇಳಬೇಕೆಂದರೆ ನೀವು ಬರೆದ ಸದ್ದು ಇದಲ್ಲ. ಗೊರಗೊರ ಒಡೆಯುವುದು ನನಗೆ ಕೇಳಲಿಲ್ಲ. ರೋಡಿಗೆ ಬಿಟ್ಟ ಮೇಲೆ ಬರಬಹುದು. ಎಣ್ಣೆ ಸ್ವಲ್ಪ ತೊಟ್ಟಿಕ್ಕುತ್ತಿತ್ತು, ಬಟ್ಟೆಯಲ್ಲಿ ಒರೆಸಿದೆ. ಇಂಜಿನ್ ಕಾದಂತೆ ಒಳಗೆಲ್ಲ ಹರಳೆಣ್ಣೆ, ಸಾಂಬ್ರಾಣಿ. ಕೆಂಪಿ ಬಾಗಿಲಲ್ಲೇ ನಿಂತಳು, ಕಾರಿನೊಳಗೆ ಬರಲಿಲ್ಲ.

ಬುಧವಾರ ಪೂಜೆ ಮುಗಿಸಿ ಮಧ್ಯಾಹ್ನವೇ ಹೊರಡುತ್ತೇನೆ.

ನಿಮ್ಮ,
ಮಾದೇಶ


ಬೆಟ್ಟದಪುರ
2 ಅಕ್ಟೋಬರ್ 2025

ಮಗ ಮಾದೇಶನಿಗೆ,

ನೀನು ಚೆನ್ನಾಗಿರು. ನಿನ್ನ ಕೈಗೆ ನೋವು ಬಾರದಿರಲಿ.

ನಿನ್ನೆ ಇವರು ಬ್ಯಾರನ್ನಿನ ಬೆಂಕಿ ನೋಡಲು ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ. ಬತ್ತಿ ಹೊಸೆಯುತ್ತಾ ಕೂತಿದ್ದೆ. ಬೆಟ್ಟದ ತಿರುವಿನಲ್ಲಿ ಸಣ್ಣಗೆ ಕೇಳಿತು. ಮೊದಲು ನನ್ನ ಕಿವಿಯ ಕಳ್ಳಾಟ ಎಂದುಕೊಂಡೆ. ಆಮೇಲೆ ಇಳಿಜಾರಿನಲ್ಲಿ ದಪ್ಪವಾಯಿತು. ರೋಡಿಗೆ ಬಿಟ್ಟ ಮೇಲೆ ಬರಬಹುದು ಎಂದು ಬರೆದಿದ್ದೆಯಲ್ಲ, ಬಂತು ಕಣೋ. ಅವನು ಬಾಯಲ್ಲಿ ಮಾಡಿ ತೋರಿಸಿದ್ದು ಹೇಗೋ ಹಾಗೇ, ಕೊನೆಗೆ ಗೊರಗೊರ ಒಡೆಯುವುದೂ ಹಾಗೇ. ಬತ್ತಿ ಕೈಯಿಂದ ಬಿತ್ತು. ನಾನು ಅಳಲಿಲ್ಲ, ನಕ್ಕೆ.

ನಿಲ್ಲಿಸಬೇಡ ಎಂದಿದ್ದೆ, ನೀನು ಗೇಟಿನ ಮುಂದೆ ನಿಲ್ಲಿಸಿದೆ. ಇಂಜಿನ್ನು ಆಡುತ್ತಲೇ ಇತ್ತು. ನನ್ನ ಮೇಲಿನ ಕರುಣೆಯಿಂದ ನಿಲ್ಲಿಸಿದೆ ಎಂದು ಗೊತ್ತು. ನಾನು ಎದ್ದು ಬಂದು ಚಿಲಕದ ಮೇಲೆ ಕೈಯಿಟ್ಟೆ. ಬಾಗಿಲ ಸಂದಿಯಿಂದ ಹರಳೆಣ್ಣೆ ವಾಸನೆ ಬಂತು. ಆದರೆ ತೆಗೆಯಲಿಲ್ಲ. ತೆಗೆದರೆ ಕಾಣುವುದು ನಿನ್ನ ಮುಖ, ಅವನದಲ್ಲ, ಅದನ್ನು ತಡೆದುಕೊಳ್ಳಲಾರೆ ಎನಿಸಿತು. ನೀನೂ ಬಹಳ ಹೊತ್ತು ಕಾದೆ. ಆಮೇಲೆ ಹೋದೆ. ಅಷ್ಟು ದೂರ ಬಂದವನಿಗೆ ಒಂದು ಲೋಟ ನೀರು ಕೊಡದೆ ಕಳಿಸಿದೆ. ತಪ್ಪು ತಿಳಿಯಬೇಡ.

ರಾತ್ರಿ ನಿದ್ದೆ ಬಂತು. ನಿನ್ನ ಋಣ ದೊಡ್ಡದು.

ವಿಮಲಮ್ಮ


ಎನ್. ಬೇಗೂರು
2 ಅಕ್ಟೋಬರ್ 2025

ಅಮ್ಮಾ,

ನನ್ನನ್ನು ಕ್ಷಮಿಸಿ. ನೀವು ನಿನ್ನೆ ಸಂಜೆ ಎಷ್ಟು ಕಾದಿರೋ ಎಂದು ನೆನೆಸಿಕೊಂಡರೆ ಅನ್ನ ಇಳಿಯುತ್ತಿಲ್ಲ.

ನಾನು ಹೊರಟದ್ದು ನಿಜ. ಕೋಟೆ ಇನ್ನೂ ಮುಟ್ಟಿರಲಿಲ್ಲ, ಏರಿನಲ್ಲಿ ಇಂಜಿನ್ನು ಕೆಮ್ಮತೊಡಗಿತು. ಹಿಂದೆಲ್ಲ ಬಿಳಿ ಹೊಗೆ. ಹಾಗೇ ನಿಂತುಬಿಟ್ಟಿತು. ಬಾನೆಟ್ ಎತ್ತಿದರೆ ಫಿಲ್ಟರಿನ ಎಣ್ಣೆಯನ್ನೆಲ್ಲ ಇಂಜಿನ್ನು ಒಳಗೆ ಎಳೆದುಕೊಂಡಿದೆ. ಅದಕ್ಕೆಂದೇ ತೆಳ್ಳನೆಯ ಎಣ್ಣೆ ಬೇರೆ ಇರುತ್ತದಂತೆ, ಅದನ್ನೂ ಹನಿ ಲೆಕ್ಕದಲ್ಲಿ ಹಾಕಬೇಕಂತೆ. ಇದು ನಿಮ್ಮ ತಪ್ಪಲ್ಲ. ತೊಟ್ಟಿಕ್ಕುವುದು ಕಂಡಾಗಲೇ ನಾನು ಬಿಚ್ಚಿ ಒರೆಸಬೇಕಿತ್ತು. ನೀವು ಹಚ್ಚಿದ್ದನ್ನು ಒರೆಸಲು ನನಗೇ ಮನಸ್ಸು ಬರಲಿಲ್ಲ.

ಹೂವಿನ ಹಾರ ಹಾಕಿಕೊಂಡು ಬಂದ ಒಂದು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ವಾಪಸ್ ಬಂದೆ. ನೀವು ದೀಪ ಹಚ್ಚುವ ಹೊತ್ತಿಗೆ ಕಾರು ನಮ್ಮ ಅಂಗಳದಲ್ಲಿ ಬಾನೆಟ್ ತೆರೆದುಕೊಂಡು ನಿಂತಿತ್ತು. ಕೆಂಪಿ ಪಕ್ಕದಲ್ಲೇ ಇದ್ದಳು.

ಸರಿಮಾಡಿಕೊಂಡು ಇನ್ನೊಂದು ದಿನ ಖಂಡಿತ ಬರುತ್ತೇನೆ. ಯಾವತ್ತು ಬರಲಿ, ಹೇಳಿ.

ನಿಮ್ಮ,
ಮಾದೇಶ


ಎನ್. ಬೇಗೂರು
7 ಅಕ್ಟೋಬರ್ 2025

ಅಮ್ಮಾ,

ನಿಮ್ಮ ಕಾಗದ ಇವತ್ತು ಬಂತು. ಓದುತ್ತಲೇ ಅಂಚೆ ಕಚೇರಿಗೆ ಓಡಿದೆ, ನನ್ನ ಕಾಗದವನ್ನು ತಡೆಯಬಹುದೇನೋ ಎಂದು. ಅದು ಹೋಗಿ ಎಷ್ಟೋ ದಿನವಾಗಿದೆ ಎಂದರು.

ಕೆಂಪಿಗೆ ಓದಿ ಹೇಳಿದೆ. ಅವಳು, "ನಾನೇ ಬಂದಿದ್ದೆ ಅಂತ ಬರ್ದ್‌ಬುಡು" ಎಂದಳು. ಹಾಗೇ ಬರೆಯೋಣ ಎಂದು ಕೂತೆ. ಆದರೆ ಈಗ ಅದು ಸುಳ್ಳೆಂದು ನಿಮಗೇ ಗೊತ್ತಾಗುತ್ತದೆ.

ನಾನು ಬಂದಿರಲಿಲ್ಲ ಅಮ್ಮಾ.

ಮಾದೇಶ


ಬೆಟ್ಟದಪುರ
13 ಅಕ್ಟೋಬರ್ 2025

ಮಾದೇಶ,

ನಿನ್ನ ಎರಡೂ ಕಾಗದ ಬಂದವು. ಮೊದಲನೆಯದನ್ನು ಓದಿ ನಿನ್ನ ಮೇಲೆ ಕೆಂಡದಂಥ ಸಿಟ್ಟು ಬಂತು. ಬಂದಿದ್ದೆ ಎಂದು ಒಂದು ಸುಳ್ಳು ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ಕೂಗಾಡಿದೆ. ಆಗ ಇವರಿಗೆ ಎಲ್ಲ ಹೇಳಬೇಕಾಯಿತು.

ಇವರು, "ಆಯುಧಪೂಜೆ ದಿನ ಎಷ್ಟ್ ಗಾಡಿ ಓಡಾಡ್ತವೆ ಕಣೆ. ಯಾವ್ದೋ ಒಂದು ನಿಂತಿತ್ತು, ಓಯ್ತು" ಎಂದರು. ಹೌದು ಎಂದೆ. ಹೌದಲ್ಲದೆ ಮತ್ತೇನು. ಆದರೆ ಹಾಗೆ ಹೇಳಿದವರೇ ಎದ್ದು ಹೋಗಿ ಗೇಟಿನ ಮುಂದಿನ ಮಣ್ಣನ್ನು ಬಗ್ಗಿ ನೋಡುತ್ತಿದ್ದರು. ಅಷ್ಟು ದಿನದ ಮೇಲೆ ಅಲ್ಲಿ ಏನಿರುತ್ತದೆ, ದನಗಳು ತುಳಿದ ಗುರುತು. ಒಳಗೆ ಬಂದು ನನ್ನನ್ನು ಒಂದೇ ಮಾತು ಕೇಳಿದರು. "ಬಾಗ್ಲು ತಗೀಲಿಲ್ವಾ ನೀನು?"

ಇಲ್ಲ ಮಾದೇಶ. ತೆಗೆಯಲಿಲ್ಲ. ಹೊರಗಿರುವುದು ಬೇರೆಯವರ ಮಗ, ಅವನ ಮುಖ ನಾನ್ಯಾಕೆ ನೋಡಲಿ ಎಂದು ಒಳಗೇ ನಿಂತೆ. ನಿದ್ದೆ ಬಂತು ಎಂದು ಬೇರೆ ನಿನಗೆ ಬರೆದೆ. ಈಗ ಬರುತ್ತಿಲ್ಲ. ಅವನು ಕೇಳಿದ್ದು ಏನು, ಒಂದು ತಟ್ಟೆ ಅನ್ನ ತಾನೆ? ಒಲೆಯ ಮೇಲೆ ಅನ್ನ ಇತ್ತು.

ನಿನ್ನ ಕೆಂಪಿ ಬುದ್ಧಿವಂತೆ. ಅವಳನ್ನೂ ಕರೆದುಕೊಂಡು ಬಾ. ಫಿಲ್ಟರ್ ಬಿಚ್ಚಿ ಹಳೆಯ ಡಬ್ಬಿಯನ್ನೇ ಹಾಕಿಕೊ, ಸದ್ದು ಇನ್ನು ಬೇಡ. ಹಗಲು ಹೊತ್ತಿನಲ್ಲಿ ಬಾ. ಗೇಟಿನ ಮುಂದೆ ನಿಲ್ಲಿಸಿ ಹಾರ್ನ್ ಹೊಡಿ. ಹೊರಗೆ ನಿಂತು ಮಾತಾಡಿಸಿಕೊಂಡು ಹೋಗುವ ಸಂಕೋಚವೆಲ್ಲ ನನ್ನ ಹತ್ತಿರ ಬೇಡ, ಇಬ್ಬರೂ ಒಳಗೆ ಬಂದು ಉಣ್ಣಬೇಕು. ನಾನೇ ಬಂದು ಬಾಗಿಲು ತೆಗೆಯುತ್ತೇನೆ, ನಿನ್ನ ಮುಖವನ್ನು ಕಣ್ತುಂಬಾ ನೋಡುತ್ತೇನೆ. ನೋಡದೆ ಒಬ್ಬನನ್ನು ಕಳಿಸಿಬಿಟ್ಟೆ.

ನಿನ್ನ ದಾರಿ ಕಾಯುವ,
ವಿಮಲಮ್ಮ